ಸೋಮವಾರ ಮಾತ್ರ ಕೆಲಸ ಮಾಡುವ ಔಷಧ

ಲುಸಿಲ್ ಗಾನ್ಯೋಗೆ ತಾಳ್ಮೆ ಹುಟ್ಟಿನಿಂದಲೇ ಇಲ್ಲ. ಟೋಸ್ಟ್ ಕೆಂಪಾಗುವ ಮೊದಲೇ ಬ್ರೆಡ್ ಎಳೆದು ತಿನ್ನುವವಳು. ಬ್ಯಾಕ್ಟೀರಿಯಾ ಬೆಳೆಯಲು ಒಂದು ರಾತ್ರಿ ಬೇಕೆಂಬುದನ್ನೇ ತನಗಾದ ಅವಮಾನ ಎಂದುಕೊಂಡವಳು. ಇಂಥವಳು ಬರ್ಲಿಂಗ್ಟನ್‌ನ ನಮ್ಮ ಪ್ರಯೋಗಾಲಯದಲ್ಲಿ, ನನ್ನ ಪಕ್ಕದ ಮೇಜಿನಲ್ಲಿ, ಇಷ್ಟು ವರ್ಷ ಹೇಗೆ ಬಾಳಿದಳೋ, ನಾನು ಹೇಗೆ ಸಹಿಸಿಕೊಂಡೆನೋ!

ಅವಳ ಜೀವವೆಲ್ಲ ಒಂದು ಕಲ್ಲುಹೂವಿನಲ್ಲಿತ್ತು. ಅವಳ ಅಪ್ಪ ಅರ್ಮಾನ್ ಅವರ ಮೇಪಲ್ ತೋಪಿನಲ್ಲಿ ಮುದುಕನ ಗಡ್ಡದ ಹಾಗೆ ಕೊಂಬೆಗಳಿಂದ ಜೋತುಬೀಳುವ ಜಾತಿ ಅದು. ಚಿಕ್ಕಂದಿನಲ್ಲಿ ಕೊಡಲಿ ತಾಗಿ ಅವಳ ಕಾಲು ಸೀಳಿದಾಗ ಅಪ್ಪ ಅದನ್ನೇ ಅರೆದು ಕಟ್ಟಿದ್ದರಂತೆ, ಗಾಯ ಕೀವಾಗಲಿಲ್ಲವಂತೆ. ಅದರ ಸತ್ವ ನೀರಿನಲ್ಲಿ ಕರಗುವುದಿಲ್ಲ. ಡಿಎಂಎಸ್‌ಒ ಎಂಬ ದ್ರಾವಕ ಬೇಕು. ಅದು ಚರ್ಮಕ್ಕೆ ತಾಗಿದರೆ ಬಾಯಿ ತುಂಬ ಬೆಳ್ಳುಳ್ಳಿ ರುಚಿ.

"ಊಟಕ್ಕೆ ಬೆಳ್ಳುಳ್ಳಿ ಬ್ರೆಡ್ಡೇನೇ?" ಎಂದು ನಾನು ಮೂಗು ಮುಚ್ಚಿಕೊಂಡರೆ, "ಊಟ ಎಲ್ಲಿ ಮಾರಾಯ್ತಿ, ಕೈಗವಸು ತೂತು!" ಎನ್ನುತ್ತಿದ್ದಳು.

ಪ್ರಯೋಗ ಸರಳ. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಹರಡಿ, ಔಷಧದಲ್ಲಿ ಅದ್ದಿದ ಕಾಗದದ ಬಿಲ್ಲೆ ಇಡುವುದು. ಔಷಧ ಕೆಲಸ ಮಾಡಿದರೆ ಮರುದಿನ ಬಿಲ್ಲೆಯ ಸುತ್ತ ಏನೂ ಬೆಳೆಯದ ಬೋಳು ವೃತ್ತ. ಕೊಂದದ್ದು ಔಷಧವೋ ದ್ರಾವಕವೋ ತಿಳಿಯಲು ಬರೀ ದ್ರಾವಕದ ಬಿಲ್ಲೆಯನ್ನೂ ಪಕ್ಕದಲ್ಲಿ ಇಡುತ್ತೇವೆ. ಅದರ ಸುತ್ತ ಬ್ಯಾಕ್ಟೀರಿಯಾ ಯಾವಾಗಲೂ ಹಾಯಾಗಿ ಬೆಳೆದಿರುತ್ತಿತ್ತು. ಹಾಗಾಗಿ ದ್ರಾವಕದ ಮೇಲೆ ನಮಗ್ಯಾರಿಗೂ ಅನುಮಾನ ಬರಲಿಲ್ಲ.

ಆದರೆ ಆ ಚಳಿಗಾಲ ಒಂದು ವಿಚಿತ್ರ ಶುರುವಾಯಿತು. ಸೋಮವಾರ ಇಟ್ಟ ಬಿಲ್ಲೆಗೆ ದೊಡ್ಡ ನಾಣ್ಯದಷ್ಟು ವೃತ್ತ, ಗುರುವಾರ ಇಟ್ಟದ್ದಕ್ಕೆ ಬಿಲ್ಲೆಯ ಅಂಚು ದಾಟಿದರೆ ಪುಣ್ಯ. ಪ್ರತಿ ವಾರವೂ ಇದೇ ಕಥೆ.

ನಮ್ಮ ಪ್ರೊಫೆಸರ್ ಹ್ಯಾರಿಯೆಟ್ ವಿಂಡಮ್ ಎಲ್ಲರೆದುರೇ ಕೇಳಿದರು: "ಲುಸಿಲ್, ಗುರುವಾರ ಗಾಯ ಆದೋರು ಸೋಮವಾರದ ತನಕ ಕಾಯ್ಬೇಕಾ?"

ನಗು ಅಡಗಿದ ಮೇಲೆ ಮೆಲ್ಲಗೆ ಸೇರಿಸಿದರು: "ಬರೋ ವಾರ ಎರಡೂ ಒಂದೇ ಆಗ್ಲಿಲ್ಲ ಅಂದ್ರೆ ಇದನ್ನ ಇಲ್ಲಿಗೇ ಬಿಡೋಣ. ಬಾಯಿ ಮುಕ್ಕಳಿಸೋ ನೀರಿನ ಪರೀಕ್ಷೆಗೆ ಜನ ಬೇಕಾಗಿದ್ದಾರೆ."

ಲುಸಿಲ್ ಪೆಚ್ಚಾದಳು.

ಆ ಭಾನುವಾರ ಅರ್ಮಾನ್ ಅವರ ತೋಪಿಗೆ ನನ್ನನ್ನೂ ಎಳೆದುಕೊಂಡು ಹೋದಳು. ಮಾರ್ಚ್ ತಿಂಗಳು, ಮೇಪಲ್ ಮರಗಳು ರಸ ಸುರಿಸುವ ಕಾಲ. ರಾತ್ರಿಯ ಚಳಿಗೆ, ಮರಗಳಿಗೆ ತೂಗುಹಾಕಿದ ಬಕೆಟ್ಟುಗಳಲ್ಲಿ ರಸದ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಲುಸಿಲ್ ಅದನ್ನು ಎತ್ತೆತ್ತಿ ಬಿಸಾಡುತ್ತಾ ನಡೆದಳು.

"ಅಯ್ಯೋ, ಒಳ್ಳೆ ರಸ ಚೆಲ್ತಿದೀಯಲ್ಲೇ!" ಎಂದು ನಾನು ಕೂಗಿದೆ.

"ರಸ ಎಲ್ಲಿ? ಇದು ಬರೀ ನೀರು ಕಣೇ. ಹೆಪ್ಪುಗಟ್ಟೋವಾಗ ನೀರು ಗಡ್ಡೆಯಾಗುತ್ತೆ, ಸಿಹಿಯೆಲ್ಲ ಕೆಳಗೆ ಉಳಿದಿದ್ರಲ್ಲಿ..."

ಕೈಯಲ್ಲಿ ಮಂಜುಗಡ್ಡೆ ಹಿಡಿದು ಹಾಗೇ ನಿಂತಳು. ಆಮೇಲೆ ಅದನ್ನು ನೆಲಕ್ಕೆ ಕುಕ್ಕಿ, "ನನ್ ಶೀಶೆ! ಥೂ ನನ್ನ, ನನ್ ಶೀಶೆ!" ಎಂದು ಕಿರುಚಿದಳು. ರಸ ಕುದಿಸುತ್ತಿದ್ದ ಅರ್ಮಾನ್ ಒಲೆ ಬಿಟ್ಟು ಓಡಿಬಂದರು.

ವಿಷಯ ಇಷ್ಟೇ. ಆ ದ್ರಾವಕ ಹದಿನೆಂಟು ಡಿಗ್ರಿಗೇ ಹೆಪ್ಪುಗಟ್ಟುವ ಸ್ವಭಾವದ್ದು. ಪ್ರತಿ ಶುಕ್ರವಾರ ಅವಳು ಅದರಲ್ಲಿ ಔಷಧ ಕರಗಿಸಿ, ಹೊಸ ಶೀಶೆ ತುಂಬಿ ಕಿಟಕಿ ಪಕ್ಕ ಇಡುತ್ತಿದ್ದಳು. ವಾರಾಂತ್ಯದಲ್ಲಿ ಕಟ್ಟಡದ ಹೀಟರ್ ತಗ್ಗಿಸುತ್ತಾರೆ. ಸೋಮವಾರಕ್ಕೆ ಅದು ಗಡ್ಡೆ. ನಮ್ಮ ಆತುರಗಾತಿ ಶೀಶೆಯನ್ನು ಕಂಕುಳಲ್ಲಿ ಒತ್ತಿಕೊಂಡು, ಮೊದಲು ಕರಗಿದ ನಾಲ್ಕು ಹನಿಗಳನ್ನೇ ಕೊಳವೆಯಲ್ಲಿ ಹೀರಿ ಬಿಲ್ಲೆ ಅದ್ದುತ್ತಿದ್ದಳು. ಮೇಪಲ್ ರಸದ ಸಿಹಿಯ ಹಾಗೆ ಔಷಧವೆಲ್ಲ ಸೇರಿಕೊಂಡಿರುತ್ತಿದ್ದದ್ದು ಆ ಹನಿಗಳಲ್ಲಿ. ಗುರುವಾರಕ್ಕೆ ಉಳಿಯುತ್ತಿದ್ದದ್ದು ಸಪ್ಪೆ ನೀರು ಮಜ್ಜಿಗೆ.

ಮರುದಿನ ಲುಸಿಲ್ ಶೀಶೆಯನ್ನು ಬೆಚ್ಚನೆ ನೀರಿನಲ್ಲಿ ನಿಲ್ಲಿಸಿ, ಆತುರಕ್ಕೆ ಮುಟ್ಟಬಾರದೆಂದು ತನ್ನೆರಡು ಕೈಗಳ ಮೇಲೆ ತಾನೇ ಕುಳಿತುಕೊಂಡಳು. ಕೊನೆಯ ಚೂರು ಕರಗುವ ತನಕ ಏಳಲಿಲ್ಲ. ಚೆನ್ನಾಗಿ ಕುಲುಕಿದ ಮೇಲೆಯೇ ಬಿಲ್ಲೆ ಅದ್ದಿದಳು. ಗುರುವಾರವೂ ಅದೇ ಶೀಶೆಯಿಂದ ಹಾಗೆಯೇ ಮಾಡಿದಳು.

ಶುಕ್ರವಾರ ಬೆಳಿಗ್ಗೆ ಹ್ಯಾರಿಯೆಟ್ ಎರಡೂ ತಟ್ಟೆ ತೆರೆಸಿ ಅಳತೆಪಟ್ಟಿ ಇಟ್ಟರು. ನಾಣ್ಯದಷ್ಟು ದೊಡ್ಡದಲ್ಲ, ಅಂಗಿ ಗುಂಡಿಯಷ್ಟು ವೃತ್ತ. ಆದರೆ ಎರಡೂ ಕಡೆ ಒಂದೇ ಅಳತೆ. ದ್ರಾವಕದ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಎಂದಿನಂತೆ ಸುಖವಾಗಿತ್ತು.

"ಬಾಯಿ ಮುಕ್ಕಳಿಸೋ ನೀರಿಗೆ ಬೇರೆಯವರನ್ನ ಹುಡುಕ್ತೀನಿ," ಎಂದರು ಹ್ಯಾರಿಯೆಟ್.

ಲುಸಿಲ್ ನನ್ನ ಪಕ್ಕೆಲುಬು ಮುರಿಯುವ ಹಾಗೆ ಅಪ್ಪಿ, ಅಪ್ಪನಿಗೆ ಫೋನ್ ಹಚ್ಚಿದಳು. "ಅಪ್ಪಾ! ಗುರುವಾರನೂ ಕೆಲಸ ಮಾಡ್ತು!"

ಅರ್ಮಾನ್ ಅವರ ಧ್ವನಿ ನನಗೂ ಕೇಳಿಸಿತು: "ಮಾಡ್ದೆ ಏನೇ? ನಿನ್ ಕಾಲಿಗೆ ಕಟ್ಟಿದ್ದು ಭಾನುವಾರ. ಅವತ್ತು ನಿನ್ನಿಂದ ನಂಗೆ ಚರ್ಚ್ ತಪ್ಪಿತ್ತಲ್ಲ!"

ಲುಸಿಲ್ ನಗುತ್ತಲೇ ಪ್ಯಾಂಟ್ ಮೇಲೆತ್ತಿ, ಮೊಣಕಾಲ ಕೆಳಗಿನ ಆ ಹಳೆಯ ಗಾಯದ ಗೆರೆಯನ್ನು ಹ್ಯಾರಿಯೆಟ್‌ಗೆ ತೋರಿಸಿದಳು.