ಆರನೇ ಕಲ್ಲಿನ ಬಳಿ ಇಳಿದ ಅಂಕಿ

ಇದು ನಡೆದದ್ದು ನಿಜ. ನಂಬಲೇಬೇಕು ಎಂಬ ಹಟ ನನಗಿಲ್ಲ. ಆದರೆ ಆ ರಾತ್ರಿಯ ಪ್ರತಿ ಅಂಕಿಯೂ ನನ್ನ ಕೈಬರಹದಲ್ಲೇ ಇದೆ, ಪಕ್ಕದಲ್ಲಿ ಗಂಟೆ ನಿಮಿಷವೂ ಇದೆ. ಈ ಹದಿನಾಲ್ಕು ತಿಂಗಳಲ್ಲಿ ಆ ಪುಟವನ್ನು ಮೂವತ್ತೊಂದು ಸಲ ತೆಗೆದು ನೋಡಿದ್ದೇನೆ. ಒಂದು ಅಂಕಿಯೂ ಬದಲಾಗಿಲ್ಲ.

ಆಗ ನಾನು ಒಂದು ಸರ್ವೆ ತಂಡದಲ್ಲಿ ದಿನಗೂಲಿಯ ಮೇಲೆ ಅಂಕಿ ಬರೆದುಕೊಳ್ಳುವವನು. ಅತ್ತಿಬೆಲೆಗೆ ಈಚೆ, ಹೊಸೂರು ರಸ್ತೆಯಿಂದ ಅರ್ಧ ಮೈಲಿ ಒಳಗೆ, ಕಾರ್ಖಾನೆಗೆಂದು ಹೊಲಗಳನ್ನು ತೆಗೆದುಕೊಂಡು ಬೇಲಿ ಹಾಕಿದ್ದರು. ಭಾರದ ಯಂತ್ರಗಳನ್ನು ಕೂರಿಸುವ ಮೊದಲು ನೆಲದಡಿಯ ಬಂಡೆ ಎಲ್ಲಿ ಸೀಳಿದೆ, ಎಲ್ಲಿ ಕುಸಿದು ಹೂಳು ತುಂಬಿಕೊಂಡಿದೆ ಎಂದು ತಿಳಿಯಬೇಕಿತ್ತು. ಅದಕ್ಕೆ ಅಗೆಯಬೇಕಾಗಿಲ್ಲ. ಗುರುತ್ವ ಅಳೆಯುವ, ಡಬ್ಬದಂಥ ಮೀಟರ್ ಇದೆ. ಕೆಳಗೆ ಗಟ್ಟಿ ಬಂಡೆಯಿದ್ದರೆ ನೆಲ ತುಸು ಹೆಚ್ಚು ಸೆಳೆಯುತ್ತದೆ, ಅಂಕಿ ಏರುತ್ತದೆ. ಸಡಿಲ ಮಣ್ಣೋ ಪೊಳ್ಳೋ ಇದ್ದರೆ ಇಳಿಯುತ್ತದೆ. ಬಹಳ ಸೂಕ್ಷ್ಮದ ಅಳತೆ. ಹಗಲು ಲಾರಿಗಳು ಓಡಾಡಿದರೆ ಸಾಕು, ಆ ಅದುರಾಟಕ್ಕೇ ಮೀಟರಿನೊಳಗಿನ ಗೆರೆ ನಿಲ್ಲುವುದಿಲ್ಲ. ಹಾಗಾಗಿ ನಮ್ಮ ಕೆಲಸ ರಾತ್ರಿ ಹನ್ನೊಂದರ ಮೇಲೆ.

ಮೀಟರ್ ನೋಡುವವರು ಶೇಷಾದ್ರಿ ಸಾರ್. ಅವರು ಅಂಕಿ ಕೂಗಬೇಕು, ನಾನು ಅದನ್ನೇ ತಿರುಗಿ ಕೂಗಿ ಬರೆಯಬೇಕು. ಐವತ್ತು ಹೆಜ್ಜೆಗೊಂದರಂತೆ ಎಂಟು ಕಲ್ಲು. ಎಂಟೂ ಮುಗಿದ ಮೇಲೆ ಗೇಟಿನ ಬಳಿಯ ಬಿಳಿ ಬಣ್ಣದ ಕಲ್ಲಿಗೆ, ಅಂದರೆ ಬೇಸ್‌ಗೆ, ವಾಪಸ್ ಬಂದು ಅಳೆಯಬೇಕು. ಹೊರಟಾಗಿನ ಅಂಕಿಯೂ ಬಂದಾಗಿನ ಅಂಕಿಯೂ ಸೇರಬೇಕು, ಅಂದರೆ ಒಂದೇ ಇರಬೇಕು. ಇಂಥ ಸುತ್ತು ರಾತ್ರಿಗೆ ನಾಲ್ಕು. ಒಂದು ಸೇರದಿದ್ದರೂ ಇಡೀ ರಾತ್ರಿ ರದ್ದು.

ಹಿಂದಿನ ಎರಡು ರಾತ್ರಿಯೂ ಸೇರಿರಲಿಲ್ಲ. ಎರಡು ಸಲವೂ ತಪ್ಪು ಬರೆದವನು ನಾನೇ.

"ನಿನ್ನ ಅಕ್ಷರ ಲಗ್ನಪತ್ರಿಕೆ ತರ ಇದೆ ಕಣೋ," ಎಂದಿದ್ದರು ಸಾರ್. "ಆದ್ರೆ ಮುಹೂರ್ತಾನೇ ತಪ್ಪು ಬರೀತೀಯ. ಇವತ್ತೂ ಸೇರ್ಲಿಲ್ಲ ಅಂದ್ರೆ ನಾಳೆಯಿಂದ ಬೇರೆ ಹುಡುಗನ್ನ ಹಾಕ್ತಾರೆ. ನನ್ ಕೈಲಿ ಏನೂ ಇಲ್ಲ."

ಆರನೇ ಕಲ್ಲು ಇದ್ದದ್ದು ಕಾವಲುಗಾರ ಮುನಿಯಪ್ಪನವರ ತಗಡಿನ ಶೆಡ್ಡಿನ ಹಿಂದೆ. ತಗಡಿನ ಆಚೆ, ಒಂದು ಮೊಳ ದೂರದಲ್ಲಿ, ಅವರ ಹಗ್ಗದ ಮಂಚ. ಅದು ಮೊದಲು ಅವರದೇ ಹೊಲವಾಗಿತ್ತು. ಹೊಲ ಹೋದ ಮೇಲೆ ಅದನ್ನೇ ಕಾಯುವ ಕೆಲಸ ಕೊಟ್ಟಿದ್ದರು.

"ಏನ್ ಸೋಮಿ, ಅಕ್ಕಿ ಡಬ್ಬ ಒತ್ಕಂಡು ರಾತ್ರಿಯೆಲ್ಲಾ ಸುತ್ತುತೀರಾ?" ಎಂದು ಸಂಜೆ ನಕ್ಕಿದ್ದರು.

"ಅಕ್ಕಿ ಅಲ್ಲ ತಾತ, ನಿಮ್ ಹೊಲ ತೂಗ್ತಿದೀವಿ."

"ಕೈಬಿಟ್ಟು ಓದ್ ಮ್ಯಾಲೆ ತೂಗಿ ಏನ್ ಬಂತು!"

ಮೊದಲ ಸುತ್ತು. ಆರನೇ ಕಲ್ಲು, 11.50. ಅಂಕಿ 46.1, ಎಂಟು ಕಲ್ಲುಗಳಲ್ಲಿ ಎಲ್ಲಕ್ಕಿಂತ ಹೆಚ್ಚು.

ಎರಡನೇ ಸುತ್ತು, 1.15. ಅಂಕಿ 45.7... ಸಾರ್ ಮೀಟರನ್ನು ಎತ್ತಿ ಮತ್ತೆ ಇಟ್ಟು ನೋಡಿದರು. 45.7. ಉಳಿದ ಏಳು ಕಲ್ಲುಗಳ ಅಂಕಿ ಮೊದಲಿನಂತೆಯೇ ಇತ್ತು. ಬೇಸ್ ಕೂಡ ಅದೇ, 51.3.

"ಒಂದೂವರೆ ಗಂಟೇಲಿ ನೆಲ ಪೊಳ್ಳಾಗಲ್ಲ," ಎಂದರು ಸಾರ್. "ಮಟ್ಟ ಸರಿಯಾಗಿ ಕೂತಿಲ್ಲ."

ಮಟ್ಟದ ಗುಳ್ಳೆ ನಟ್ಟನಡುವೆ ನಿಂತಿತ್ತು. ನಾನೂ ನೋಡಿದೆ.

ಮೂರನೇ ಸುತ್ತು, 2.30. ಐದನೇ ಕಲ್ಲಿನವರೆಗೆ ಜೀರುಂಡೆಗಳ ಸದ್ದಿತ್ತು. ಆರನೆಯದರ ಹತ್ತಿರ ಇರಲಿಲ್ಲ. ಮಳೆ ಬಿದ್ದು ಎರಡು ತಿಂಗಳಾಗಿತ್ತು, ಆದರೂ ಆಗಷ್ಟೇ ತೋಡಿದ ಹಸಿ ಮಣ್ಣಿನ ವಾಸನೆ...

"ನಲವತ್ತೈದು ಪಾಯಿಂಟ್ ಎರಡು," ಎಂದರು ಸಾರ್, ಪಿಸುಮಾತಿನಲ್ಲಿ.

"ನಲವತ್ತೈದು ಪಾಯಿಂಟ್ ಎರಡು," ಎಂದೆ.

ತಗಡಿನ ಆಚೆಯಿಂದ ದನಿ ಬಂತು. "ಸೋಮಿ... ನೀವೇನಾ?"

ಮುನಿಯಪ್ಪ ಕಂಬಳಿ ಹೊದ್ದುಕೊಂಡು ಹೊರಗೆ ಬಂದರು. ಸಂಜೆಯ ನಗು ಮುಖದ ಮೇಲೆ ಇರಲಿಲ್ಲ.

"ಮಲಗಿದ್ರೆ ಮೈ ಅಗುರ ಆಯ್ತದೆ ಸೋಮಿ. ಬೆನ್ನಿಗೆ ಮಂಚದ ಅಗ್ಗಾನೇ ತಾಕಾಕಿಲ್ಲ. ಮೂರು ದಿನದಿಂದ ಇಂಗೇಯ. ಇವತ್ತು ಯಾಕೋ ಜಾಸ್ತಿ. ನಿಮ್ ಜೊತೆ ಕುಂತ್ಕತೀನಿ."

"ಗೇಟ್ ಹತ್ರ ಲಾಟೀನು ಇದೆ, ಹೋಗಿ ಕೂತಿರಿ ತಾತ," ಎಂದೆ.

ಉಳಿದ ಎರಡು ಕಲ್ಲು ಮುಗಿಸಿ ಬೇಸ್‌ಗೆ ಬಂದೆವು. ಮುನಿಯಪ್ಪ ಬಿಳಿ ಕಲ್ಲಿನ ಪಕ್ಕದಲ್ಲೇ ಲಾಟೀನಿಗೆ ಕೈ ಕಾಯಿಸುತ್ತಾ ಕೂತಿದ್ದರು. ಸಾರ್ ಮೀಟರ್ ಇಟ್ಟರು.

50.4.

51.3 ಇರಬೇಕಿತ್ತು. ಪಾಯಿಂಟ್ ಒಂಬತ್ತು ಕಡಿಮೆ. ಆರನೇ ಕಲ್ಲಿನ ಅಂಕಿ ರಾತ್ರಿಯೆಲ್ಲ ಎಷ್ಟು ಇಳಿದಿತ್ತು ಎಂದು ಕಳೆದು ನೋಡಿದೆ. ಅದೂ ಪಾಯಿಂಟ್ ಒಂಬತ್ತೇ.

ಸಾರ್ ಮೀಟರ್ ಎತ್ತಿಕೊಂಡು ಆರನೇ ಕಲ್ಲಿಗೆ ನಡೆದರು. ನಾನು ಹಿಂದೆ ಹೋದೆ. ಅಲ್ಲಿ ಈಗ ಜೀರುಂಡೆಗಳ ಸದ್ದಿತ್ತು. ವಾಸನೆ ಇರಲಿಲ್ಲ. ಅಂಕಿ 46.1, ಮೊದಲಿನದೇ.

ಬೇಸ್‌ಗೆ ವಾಪಸ್ ಬಂದೆವು. ಆ ವಾಸನೆ ಇಲ್ಲಿಗೆ ಬಂದಿತ್ತು...

"ಮುನಿಯಪ್ಪ, ಒಂದ್ ಮೂವತ್ತು ಹೆಜ್ಜೆ ಆ ಕಡೆ ಹೋಗಿ ನಿಂತ್ಕೊಳ್ತೀರಾ?" ಎಂದರು ಸಾರ್.

ಅವರು ಹೋಗಿ ನಿಂತರು. 51.3.

"ಬನ್ನಿ, ಕೂತ್ಕೊಳ್ಳಿ."

50.4.

ಒಬ್ಬ ಮನುಷ್ಯನ ಭಾರಕ್ಕೆ ಆ ಮೀಟರ್ ಇಷ್ಟು ಕದಲುವುದಿಲ್ಲ. ನಮಗಿಬ್ಬರಿಗೂ ಅದು ಗೊತ್ತಿತ್ತು. ಆದರೂ ನನ್ನ ಕೈ ಬರೆಯುತ್ತಿತ್ತು. ಹೆದರಿಕೆಯೂ ಆಗಲಿಲ್ಲ, ಮರಗಟ್ಟಿದ ಹಾಗಿತ್ತು.

ಗಂಟೆ 3.25. ಇನ್ನೊಂದು ಸುತ್ತು ಬಾಕಿ. ನಾಲ್ಕೂವರೆ ದಾಟಿದರೆ ಲಾರಿಗಳು ಶುರುವಾಗುತ್ತವೆ.

"ಬೆಳಕರಿಯೋ ಗಂಟ ಇಲ್ಲೇ ಇರ್ತೀನಿ ಸೋಮಿ," ಎಂದರು ಮುನಿಯಪ್ಪ. "ಒಳಕ್ಕೆ ಮಾತ್ರ ಕಳಿಸ್ಬ್ಯಾಡಿ."

ಸಾರ್ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ನಿನ್ನಿಷ್ಟ ಕಣೋ. ಕೆಲಸ ಹೋಗೋದು ನಿಂದು."

ನಾನು ಲೆಕ್ಕ ಹಾಕಿದೆ. ಅವರು ಬೇಸ್ ಬಳಿ ಇದ್ದರೆ ಸುತ್ತು ಸೇರುವುದಿಲ್ಲ. ಬೇರೆ ಯಾವ ಕಲ್ಲಿನ ಹತ್ತಿರ ಕೂತರೂ ಆ ಕಲ್ಲು ಕೆಡುತ್ತದೆ. ಆರನೆಯದರ ಸರಿಯಾದ ಅಂಕಿ ಮಾತ್ರ ಆಗಷ್ಟೇ ಸಿಕ್ಕಿತ್ತು, ಅಲ್ಲಿ ಮತ್ತೆ ಅಳೆಯಬೇಕಾಗಿರಲಿಲ್ಲ. ಆ ಮೂವತ್ತು ಹೆಜ್ಜೆ ಆಚೆಯೇ, ರಸ್ತೆಯ ಕಡೆ ಹೋಗಿ ಕೂರಿ ಎನ್ನಬಹುದಿತ್ತು. ಆಗ ಹೊಳೆಯಲಿಲ್ಲ.

"ತಾತ, ಒಂದೇ ಒಂದು ಗಂಟೆ. ಶೆಡ್ಡಲ್ಲಿ ಮಲ್ಕೊಂಡಿರಿ. ಮುಗಿಸ್ಕೊಂಡು ಬಂದು ನಾನೇ ಎಬ್ಬಿಸ್ತೀನಿ."

"ಬತ್ತೀಯಾ ಮಗಾ?"

"ಬರ್ತೀನಿ."

ಅವರು ಎದ್ದು ಹೋದರು. ನಡಿಗೆಯ ಸದ್ದು ಕೇಳಿಸಲಿಲ್ಲ... ಒಣಗಿದ ಹುರುಳಿ ಕಡ್ಡಿಯ ಮೇಲೆ ನಡೆದರೂ.

ಕೊನೆಯ ಸುತ್ತಿನಲ್ಲಿ ಆರನೇ ಕಲ್ಲನ್ನು ಬಿಟ್ಟು ದೂರದಿಂದ ದಾಟಿಹೋದೆವು. ಬೇಸ್, 4.10. ಅಂಕಿ 51.3.

"ಸೇರ್ತು," ಎಂದರು ಸಾರ್. ಅಷ್ಟೇ. ನಾನು ಕೆಳಗೆ ಎರಡು ಗೆರೆ ಎಳೆದೆ.

4.20ಕ್ಕೆ ಶೆಡ್ಡಿನ ಬಾಗಿಲು ತಟ್ಟಿದೆ. ಒಳಗಿನಿಂದ ಚಿಲಕ ಹಾಕಿತ್ತು. ಕರೆದೆ. ಎಂಟು ಸಲ ಕರೆದೆ. ಕೊನೆಗೆ ಸಾರ್ ಬಂದು ಬಾಗಿಲು ಒದ್ದರು.

ಮಂಚದ ಕೆಳಗೆ ಚಪ್ಪಲಿ ಇದ್ದವು. ಮೇಲೆ ಕಂಬಳಿ, ಯಾರೋ ಹೊದ್ದು ಮಲಗಿದ ಹಾಗೆ ತಲೆಯಿಂದ ಕಾಲಿನವರೆಗೆ ಹರಡಿಕೊಂಡಿತ್ತು. ಆದರೆ ಚಪ್ಪಟೆಯಾಗಿ. ಕಿಟಕಿಯಿಲ್ಲ. ಮಣ್ಣಿನ ನೆಲದಲ್ಲಿ ಒಂದು ಬಿರುಕೂ ಇರಲಿಲ್ಲ.

ಸಾರ್ ಮತ್ತೆ ಆರನೇ ಕಲ್ಲಿನ ಮೇಲೆ ಮೀಟರ್ ಇಟ್ಟರು. 46.1. ಅಂಕಿ ಇಳಿದಿದ್ದರೆ ಇಲ್ಲಿ ಅಗೆಯಿರಿ ಎಂದಾದರೂ ಹೇಳಬಹುದಿತ್ತು.

ಎರಡು ದಿನ ಹುಡುಕಿದರು. ಆಮೇಲೆ ಕಂಟ್ರಾಕ್ಟರ್ ತನ್ನ ಪುಸ್ತಕದಲ್ಲಿ 'ಕೆಲಸ ಬಿಟ್ಟಿದ್ದಾನೆ' ಎಂದು ಬರೆದುಕೊಂಡ. ನಾನು ಸ್ವಚ್ಛಪ್ರತಿಯಲ್ಲಿ ಆರನೇ ಕಲ್ಲಿಗೆ ನಾಲ್ಕೂ ಸುತ್ತಿಗೆ 46.1 ಎಂದು ತುಂಬಿದೆ. ನಕ್ಷೆಯ ಪ್ರಕಾರ ಅಲ್ಲಿ ಕೆಳಗೆ ಗಟ್ಟಿ ಬಂಡೆ. ಕಾರ್ಖಾನೆಯ ಎಲ್ಲಕ್ಕಿಂತ ಭಾರದ ಯಂತ್ರವನ್ನು ಅಲ್ಲೇ ಕೂರಿಸಿದ್ದಾರೆ. ನನ್ನ ಕೆಲಸ ಖಾಯಂ ಆಯಿತು.

ಒಂಬತ್ತನೆಯ ದಿನ ಅವರ ಮಗಳು ಗೇಟಿನ ಹತ್ತಿರ ನನ್ನನ್ನು ಹುಡುಕಿಕೊಂಡು ಬಂದಳು.

"ಅಣ್ಣ, ಅಪ್ಪನ್ನ ಕಡೇಗೆ ನೋಡಿದ್ದು ನೀವೇ ಅಂತಲ್ಲ. ಎತ್ಲಾಗೋದ್ರು?"

"ಶೆಡ್ಡಿನ ಕಡೆ."

"ಅಲ್ಲಿ ಮಲಗಾಕೆ ಬಯ ಅಂತಿದ್ರು. ಅವ್ರಾಗೇ ಓದ್ರಾ?"

"ಹೂಂ," ಎಂದೆ. "ಅವರೇ ಹೋದ್ರು."

ಅವಳು ಹೊರಟಳು. ಆ ದಿನದ ಪುಟದಲ್ಲಿ ಅವಳು ಬಂದ ಗಂಟೆ ಇದೆ, ಸಂಜೆ 5.40. ನಾನು ಹೇಳಿದ ಮಾತನ್ನು ಬರೆದಿಲ್ಲ.