ಮೊಬೈಲಿನಲ್ಲಿ ಮನೆ ನೋಡುವ ಶಾಸ್ತ್ರ

ಸೊರಬದ ಬಸ್ ನಿಲ್ದಾಣದ ಗೋಡೆಗೆ ಮಾನವ ಕಳ್ಳಸಾಗಣೆ ತಡೆಯಿರಿ ಎಂಬ ಪೋಸ್ಟರ್ ಅಂಟಿಸಿದ್ದಾರೆ. ಅದರಲ್ಲಿ ಹುಡುಗಿಯನ್ನು ಎಳೆದೊಯ್ಯುವವನಿಗೆ ದಪ್ಪ ಮೀಸೆ, ಕೆಂಪು ಕಣ್ಣು. ಕಳ್ಳರೆಲ್ಲ ಹೀಗೆ ವೇಷ ಕಟ್ಟಿಕೊಂಡು ಬರುವಂತಿದ್ದರೆ ನಮಗೂ ಅನುಕೂಲವಿತ್ತು. ಉಡುತಡಿಯ ನನ್ನ ತವರಿಗೆ ಬಂದ ಮದುವೆ ದಲ್ಲಾಳಿ ನುಣ್ಣಗೆ ಶೇವ್ ಮಾಡಿಕೊಂಡಿದ್ದ, ದೇವರ ಪಟಕ್ಕೆ ಕೈಮುಗಿದೇ ಕೂತ.

ಅಣ್ಣನ ಮಗಳಿಗೆ ಅವನು ದೂರದ ಯಾವುದೋ ರಾಜ್ಯದ ವರನ ಸಂಬಂಧ ತಂದಿದ್ದ. ವರದಕ್ಷಿಣೆ ಬೇಡ, ಮದುವೆ ಖರ್ಚೂ ಅವರದೇ, ವಾರದೊಳಗೆ ಮುಗಿಯಬೇಕು ಅಷ್ಟೆ.

ನಮ್ಮಲ್ಲಿ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡುವ ಶಾಸ್ತ್ರವಿದೆ. ಒಂದು ಗಾಡಿ ತುಂಬ ಜನ ಹೋಗಿ, ನೀರು ಎಲ್ಲಿಂದ ತರುತ್ತಾರೆ, ಅತ್ತೆಯ ಬಾಯಿ ಎಂಥದು ಎಂದೆಲ್ಲ ನೋಡಿ, ಉಂಡು, ದಾರಿಯುದ್ದಕ್ಕೂ ಆಡಿಕೊಳ್ಳುತ್ತ ಬರುತ್ತಾರೆ. ಈ ಸಲ ಆ ಕಷ್ಟವೇ ಇರಲಿಲ್ಲ. ದಲ್ಲಾಳಿ ಮೊಬೈಲಿನಲ್ಲಿ ಮನೆ ತೋರಿಸಿದ. ಎರಡು ಮಹಡಿ, ಗೇಟು, ಗೇಟಿನ ಮುಂದೆ ಕಾರು. ಮನುಷ್ಯರು ಮಾತ್ರ ಯಾರೂ ಕಾಣಲಿಲ್ಲ. ಸಂತೆಯಲ್ಲಿ ಬಾಯಿ ಬಿಡಿಸಿ ಹಲ್ಲು ನೋಡದೆ ಟಗರು ಕೊಳ್ಳದ ನಮ್ಮಣ್ಣ, "ಮನಿ ಭಾಳ ಚಲೋ ಐತಿ" ಎಂದು ತಲೆಯಾಡಿಸಿದ.

ನನಗೆ ಮೈಯೆಲ್ಲ ಉರಿಯಿತು. "ಮನೆ ನೋಡ್ದೆ ನಾವು ಹೆಣ್ಣು ಕೊಡಲ್ಲ ಕಣ್ರೀ. ನಾಳೆನೇ ಹೊರಡ್ತೀವಿ, ವಿಳಾಸ ಹೇಳಿ" ಎಂದೆ. ಫೋನು ಬಂತೆಂದು ಅಂಗಳಕ್ಕಿಳಿದ ದಲ್ಲಾಳಿ ಟೀ ಆರಿದರೂ ವಾಪಸ್ ಬರಲಿಲ್ಲ.

ಅಣ್ಣ ನನ್ನ ಮೇಲೆ ಹರಿಹಾಯ್ದ. "ಬಂದ ಭಾಗ್ಯಾನ ಕಾಲಿಂದ ಒದ್ದೆ. ಇನ್ನು ಇವ್ಳ ವರದಕ್ಷಿಣೆ ನೀ ಕೊಡ್ತೀಯೇನು?"

"ವಿಳಾಸ ಹೇಳಕ್ಕಾಗ್ದೋನು ಹುಡುಗೀನ ಎಲ್ಲಿಗೆ ಒಯ್ತಿದ್ದ? ಮಾರಕ್ಕೆ ಕಣಣ್ಣ."

"ಮಾರೋರು ಹಿಂಗಿರ್ತಾರೇನು?" ಎಂದ. ಅವನೂ ಆ ಪೋಸ್ಟರ್ ನೋಡಿದ್ದನೆಂದು ಕಾಣುತ್ತದೆ.

ಗೆದ್ದ ಹುಮ್ಮಸ್ಸಿನಲ್ಲಿ ಹಿತ್ತಿಲಿಗೆ ಹೋದೆ. ಹುಡುಗಿ ಪಾತ್ರೆ ತಿಕ್ಕುತ್ತಿದ್ದಳು. ಎಸ್ಸೆಸ್ಸೆಲ್ಸಿ ಪಾಸಾದವಳನ್ನು, ಶಿಕಾರಿಪುರದ ಕಾಲೇಜಿನಿಂದ ಬರುವಷ್ಟರಲ್ಲಿ ಕತ್ತಲಾಗುತ್ತದೆ ಎಂದು ಮನೆಯಲ್ಲಿ ಕೂರಿಸಿದ್ದರು. ಬಸ್ಸಿಳಿದು ಬರುವ ದಾರಿಯ ಕತ್ತಲಿಗೆ ಹೆದರುವವರಿಗೆ, ಹೆಸರು ಗೊತ್ತಿಲ್ಲದ ಊರಿನ ಹೆದರಿಕೆ ಇರಲಿಲ್ಲ.

"ಬಚಾವಾದೆ ಮಗಳೆ" ಎಂದೆ.

ಅವಳು ತಲೆ ಎತ್ತಲಿಲ್ಲ. "ಮುಂದೆ ಓದ್ತೀಯೇನಮ್ಮ ಅಂತ ಆ ಬಂದಿದ್ದೋರೊಬ್ರೇ ಕೇಳಿದ್ದು ಅತ್ತೆ. ಈ ಮನ್ಯಾಗೆ ಯಾರೂ ಕೇಳ್ಲಿಲ್ಲ. ಅವ್ರು ಮತ್ತೆ ಬಂದ್ರೆ ನಾ ಹೋಗ್ತೀನಿ."