ಮೊಣಕೈ ಬಗ್ಗಿಸಬೇಡ

ನಾವು ಭಾರ ಎತ್ತುವ ಉಡುಪಿಯ ವ್ಯಾಯಾಮಶಾಲೆಗೆ ಹೊಸದಾಗಿ ಬರುವ ಹುಡುಗಿಯರು ನನ್ನನ್ನು ಹಿಡಿದು ಕೇಳುವುದು ಒಂದೇ ಪ್ರಶ್ನೆ. “ಅಕ್ಕ, ಸುರುವಿಗೆ ಎಂತೆಲ್ಲ ಗೊತ್ತಿರಬೇಕು?”

ಸರಿಯಾಗಿ ನಿದ್ದೆ ಮಾಡಿ, ಹೊಟ್ಟೆ ತುಂಬ ಉಣ್ಣಿ, ನೋವಾದರೆ ಬಾಯಿ ಬಿಟ್ಟು ಹೇಳಿ, ಪಕ್ಕದವಳ ಕಬ್ಬಿಣದ ಬಾರಿನಲ್ಲಿ ಎಷ್ಟು ತೂಕದ ಪ್ಲೇಟ್ ಉಂಟು ಅಂತ ಇಣುಕಬೇಡಿ ಎನ್ನುತ್ತೇನೆ. ಹೂಂ ಹೂಂ ಎಂದು ತಲೆಯಾಡಿಸುತ್ತಾರೆ. ನಾನು ಈಚೆ ತಿರುಗುವುದರೊಳಗೆ ಪಕ್ಕದ ಬಾರನ್ನೇ ಇಣುಕುತ್ತಿರುತ್ತಾರೆ! ಮೈಯೆಲ್ಲ ಉರಿಯುತ್ತದೆ. ಆಮೇಲೆ ನಗು ಬರುತ್ತದೆ. ನಾನಾದರೂ ಯಾರ ಮಾತು ಕೇಳಿದವಳು?

ನಾನು ಈ ಹುಚ್ಚಿಗೆ ಬಿದ್ದದ್ದು ನಲವತ್ತು ದಾಟಿದ ಮೇಲೆ. ಕುರ್ಚಿಯಲ್ಲಿ ಕೂತು ಮಾಡುವ ಕೆಲಸದಿಂದ ಸೊಂಟ ಹಿಡಿದುಕೊಂಡಿತ್ತು. ಮಣಿಪಾಲದ ಡಾಕ್ಟರು ಬೆನ್ನಿಗೆ ಬಲ ಬರಬೇಕು ಎಂದರು. ವ್ಯಾಯಾಮಶಾಲೆಯ ಮಾಸ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೈಗೆ ಕೊಟ್ಟದ್ದು ಒಂದು ಮರದ ಕೋಲು. ತಿಂಗಳುಗಟ್ಟಲೆ ಅದನ್ನೇ ಎತ್ತಬೇಕಂತೆ. ನನಗೆ ಸಿಟ್ಟು ನೆತ್ತಿಗೇರಿತು. ಕಾಪುವಿನ ಕಡಲ ಬದಿಯಲ್ಲಿ ಬುಟ್ಟಿಗಟ್ಟಲೆ ಬಂಗುಡೆ ಮೀನು ಹೊತ್ತವಳ ಮಗಳು ನಾನು, ನನಗೆ ಕಸಬರಿಕೆಯ ಕೋಲೇ? ಮಾಸ್ಟ್ರು ಆಚೆ ಹೋದದ್ದೇ ತಡ, ಕೋಲು ಬಿಟ್ಟು ಕಬ್ಬಿಣ ಹಿಡಿಯುತ್ತಿದ್ದೆ.

ಅದರ ಫಲ ಬೇಗ ಕಾಣಿಸಿತು. ಸ್ನ್ಯಾಚ್ ಎಂದರೆ ನೆಲದ ಮೇಲಿನ ಬಾರನ್ನು ಒಂದೇ ಏಟಿಗೆ ತಲೆಯ ಮೇಲಕ್ಕೆ ಎತ್ತಿ, ಮೊಣಕೈ ನೆಟ್ಟಗೆ ಮಾಡಿ ನಿಲ್ಲುವುದು. ನಾನೋ, ಬಾರು ಮೇಲಕ್ಕೆ ಹೋಯಿತು ಎನ್ನುವಷ್ಟರಲ್ಲಿ ಮೊಣಕೈಯನ್ನು ಮೆಲ್ಲಗೆ ಬಗ್ಗಿಸುತ್ತಿದ್ದೆ.

“ಅಲ್ಲ ಮಾರಾಯ್ತಿ, ಎತ್ತಿದ್ದನ್ನು ಎಲ್ಲಿಗೆ ಇಳಿಸ್ತಾ ಇದ್ದಿ ನೀನು?” ಎಂದರು ಮಾಸ್ಟ್ರು.

ಎಲ್ಲಿಗೆಂದು ಮನೆಗೆ ಹೋಗುವ ಬಸ್ಸಿನಲ್ಲಿ ಹೊಳೆಯಿತು. ತಲೆಗೆ! ಶಾಲೆಗೆ ರಜೆ ಸಿಕ್ಕಿದಾಗಲೆಲ್ಲ ಅಮ್ಮನ ಹಿಂದೆ ಸಣ್ಣ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಲು ಹೋಗುತ್ತಿದ್ದೆ. ನಮ್ಮಲ್ಲಿ ತುಂಬಿದ ಬುಟ್ಟಿಯನ್ನು ಯಾರೂ ಒಬ್ಬರೇ ಎತ್ತುವುದಿಲ್ಲ. ಎದುರಿಗೆ ಇನ್ನೊಬ್ಬಳು ನಿಂತು ಕೈ ಕೊಡುತ್ತಾಳೆ. ಇಬ್ಬರೂ ಸೇರಿ ಎತ್ತಿ, ಮೊಣಕೈ ಸಡಿಲಿಸಿ, ತಲೆಗಿಟ್ಟ ಬಟ್ಟೆಯ ಸಿಂಬೆಯ ಮೇಲೆ ಮೆತ್ತಗೆ ಕೂರಿಸುವುದು. ಇಳಿಸುವಾಗಲೂ ಹಾಗೆಯೇ, ಗಿರಾಕಿಯಾದರೂ ಸರಿ, ಬಂದು ಕೈ ಕೊಡಬೇಕು. ನನ್ನ ಕೈಗಳಿಗೆ ಗೊತ್ತಿದ್ದದ್ದು ಅಷ್ಟೇ. ಕೋಲು ಹಿಡಿದಿದ್ದರೆ ಆ ಅಭ್ಯಾಸವನ್ನು ಆಗಲೇ ಬಿಡಿಸಬಹುದಿತ್ತು. ಮರುದಿನ ಮಾಸ್ಟ್ರಿಗೂ ಈ ಬುಟ್ಟಿಯ ಕತೆ ಹೇಳಿದೆ.

ಮೊದಲ ಸ್ಪರ್ಧೆ ಕಾರ್ಕಳದಲ್ಲಿ. ಮೊಣಕಾಲು ನೋವಿನಿಂದ ಅಮ್ಮ ಮೀನಿನ ವ್ಯಾಪಾರ ಬಿಟ್ಟಿದ್ದಳು. ನಾನೂ ಬರುತ್ತೇನೆಂದು ಹೊರಟಳು. ಇದೆಲ್ಲ ಕೆಲಸ ಇಲ್ಲದವರ ಕೆಲಸ ಎನ್ನುವುದು ಅವಳ ಗಟ್ಟಿ ಅಭಿಪ್ರಾಯ. ಬಸ್ಸಿನಲ್ಲಿಯೂ ಬಿಡಲಿಲ್ಲ.

“ಅಷ್ಟು ಭಾರ ಒಬ್ಬಳೇ ಎತ್ತುವುದು ಎಂತಕ್ಕೆ ಮಗಾ? ಒಂದು ಕೈ ಕೊಡ್ಲಿಕ್ಕೆ ಅಲ್ಲಿ ಜನ ಇಲ್ವಾ?”

“ಯಾರೂ ಮುಟ್ಟಬಾರದು ಅಮ್ಮ. ಅದೇ ನಿಯಮ.”

“ಎಂತ ಕೆಟ್ಟ ನಿಯಮ!” ಎಂದು ಮುಖ ತಿರುಗಿಸಿದಳು.

ಪದಕದ ಆಸೆ ನನಗಿರಲಿಲ್ಲ. ಜೀವಮಾನವಿಡೀ ಹೊತ್ತವಳು, ಮಗಳು ಒಂದೇ ಒಂದು ಸಲ ಸರಿಯಾಗಿ ಎತ್ತಿದ್ದನ್ನು ನೋಡಬೇಕು ಎಂಬ ಹಟ ಮಾತ್ರ ಇತ್ತು. ಅವಕಾಶ ಮೂರು. ಮೂರೂ ತಪ್ಪಿದರೆ ಅಮ್ಮನ ಮುಂದೆಯೇ ಸೊನ್ನೆ.

ಮೊದಲನೆಯದರಲ್ಲಿ ಬಾರು ಮೇಲೆ ಹೋಯಿತು, ಮೊಣಕೈ ಬಗ್ಗಿತು, ತಪ್ಪೆಂದು ಕೆಂಪು ದೀಪ ಹತ್ತಿತು. ನಾನು ರೇಗಿ, ಇನ್ನೂ ಎರಡು ಪ್ಲೇಟ್ ಹಾಕಿ, ಎತ್ತಿ ತೋರಿಸುತ್ತೇನೆ ಎಂದೆ. “ಬಾಯಿ ಮುಚ್ಚು, ಅದೇ ಭಾರ” ಎಂದರು ಮಾಸ್ಟ್ರು. ಎರಡನೆಯ ಸಲವೂ ಕೆಂಪು. ಕೈಗೆ ಮತ್ತೆ ಸೀಮೆಸುಣ್ಣದ ಪುಡಿ ಹಚ್ಚಿಕೊಂಡೆ. ಕಾಪುವಿನಿಂದ ಅಮ್ಮನನ್ನು ಯಾಕಾದರೂ ಕರಕೊಂಡು ಬಂದೆನೋ ಅನಿಸಿತು. ಮಾಸ್ಟ್ರು ಹತ್ತಿರ ಬಂದು ಸಣ್ಣ ದನಿಯಲ್ಲಿ, “ನಿನಗೆ ತಲೆಯೇ ಇಲ್ಲ ಅಂತ ತಿಳ್ಕೊ” ಎಂದರು. ಬೈದರೋ ಎಂದುಕೊಂಡೆ. ಆಮೇಲೆ ಅರ್ಥವಾಯಿತು. ತಲೆಯೇ ಇಲ್ಲದಿದ್ದರೆ ಭಾರವನ್ನು ಕೂರಿಸುವುದೆಲ್ಲಿ?

ಮೂರನೆಯ ಸಲ ಎತ್ತಿದೆ. ಬಾರು ಮೇಲೆ ನಿಂತಿತು. ಮೊಣಕೈ ನೆಟ್ಟಗೇ ಉಳಿಯಿತು. ಇಳಿಸಬಹುದು ಎಂದು ತೀರ್ಪುಗಾರರು ಸನ್ನೆ ಮಾಡುವವರೆಗೆ ಅಲುಗಬಾರದು. ಎದುರಿನ ಸಾಲಿನಲ್ಲಿ ಅಮ್ಮ ಎದ್ದು ನಿಂತದ್ದು ಕಾಣಿಸಿತು. ನೋಯುವ ಕಾಲೆಳೆಯುತ್ತ, ಎರಡೂ ಕೈ ಮುಂದೆ ಚಾಚಿಕೊಂಡು ನನ್ನ ಕಡೆಗೇ ಬರುತ್ತಿದ್ದಳು. ಯಾರೋ “ಅಮ್ಮ, ಕೂತ್ಕೊಳ್ಳಿ” ಎಂದರು. ಅವಳು ಕೇಳಿಸಿಕೊಳ್ಳಲಿಲ್ಲ. ಸನ್ನೆ ಸಿಕ್ಕಿತು, ಬಾರನ್ನು ಧೊಪ್ಪನೆ ಕೆಳಗೆ ಬಿಟ್ಟೆ. ಬಿಳಿ ದೀಪ ಹತ್ತಿತು. ಜನ ಚಪ್ಪಾಳೆ ತಟ್ಟಿದರು.

ಅಮ್ಮ ಮಾತ್ರ ವೇದಿಕೆಯ ಅಂಚಿನಲ್ಲಿ, ಚಾಚಿದ ಕೈ ಚಾಚಿದಂತೆಯೇ ನಿಂತುಬಿಟ್ಟಿದ್ದಳು. ನಾನು ಓಡಿ ಹೋಗಿ ಆ ಕೈಗಳನ್ನು ಹಿಡಿದುಕೊಂಡೆ. ಅಳು ತಡೆಯಲಾಗಲಿಲ್ಲ, ಖುಷಿಯೂ ತಡೆಯಲಾಗಲಿಲ್ಲ.

ಅವಳಿಗೆ ಬಿಳಿ ದೀಪದ ಗೊಡವೆಯೇ ಇರಲಿಲ್ಲ. ನನ್ನನ್ನು ಗದರಿಸಿದಳು. “ಎಂತ ಅವಸರ ಮಗಾ ನಿನಗೆ? ಇಳಿಸ್ಲಿಕ್ಕೆ ನಾನು ಬರ್ತಾ ಇದ್ದೆ, ಅಲ್ವಾ?”